ಕಲಾಲಿಯ ಸರಪಂಚ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಟರ್ಕಿ ಕೋಳಿಗಳ ಪಾಲಿಗೆ ಒಳ್ಳೆಯ ದಿನವಲ್ಲ. ಅಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮನೆಮನೆಯ ಊಟದ ಮೇಜಿನ ನಟ್ಟನಡುವೆ ಟರ್ಕಿಯೇ ಕೂತಿರುತ್ತದೆ, ಅಂದರೆ ಮಲಗಿರುತ್ತದೆ. ಹಬ್ಬಕ್ಕೆ ಮುಂಚೆ ಅಲ್ಲಿನ ಅಧ್ಯಕ್ಷರು ಶ್ವೇತಭವನದಲ್ಲಿ ಒಂದೋ ಎರಡೋ ಟರ್ಕಿಗಳಿಗೆ ಕ್ಷಮಾದಾನ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. 1989ರಿಂದ, ಹಿರಿಯ ಬುಷ್ ಕಾಲದಿಂದ, ಇದು ತಪ್ಪದೆ ನಡೆದು ಬಂದಿದೆ. ಆ ಹಕ್ಕಿ ಮಾಡಿದ ಅಪರಾಧ ಏನು ಎಂಬುದನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ.

ಗುಜರಾತಿನಲ್ಲಿ ನಾನು ಕಂಡ ಟರ್ಕಿಗಳಿಗೆಲ್ಲ ಈ ಕ್ಷಮಾದಾನ ಮೊಟ್ಟೆಯೊಳಗಿರುವಾಗಲೇ ಸಿಕ್ಕಿಬಿಟ್ಟಿತ್ತು. ಅಹಮದಾಬಾದಿನ ಶೀಲಜ್ ಆಚೆ, ವಡೋದರದ ಸಿಂಧರೋಟ್ ದಾರಿಯಲ್ಲಿ, ಸೂರತ್ತಿನ ಡುಮಸ್ ಕಡೆ, ಉಳ್ಳವರು ಭಾನುವಾರ ಕಳೆಯಲು ಕಟ್ಟಿಸಿದ ಫಾರ್ಮ್‌ಹೌಸುಗಳಿವೆ. ಹುಲ್ಲುಹಾಸು, ಜೋಕಾಲಿ, ಚಿಕ್ಕೂ ಗಿಡ, ಪುಟ್ಟ ದೇವಸ್ಥಾನ. ಇಷ್ಟಾದ ಮೇಲೆ ಓಡಾಡುವಂಥದ್ದು ಏನಾದರೂ ಇರಲಿ ಎಂದು ಬಾತು, ಗಿನಿಕೋಳಿ, ಒಂದು ಜೊತೆ ಟರ್ಕಿ. ಮಾಲೀಕರಲ್ಲಿ ಬಹಳ ಮಂದಿ ಈರುಳ್ಳಿಯನ್ನೂ ಅನುಮಾನದಿಂದ ನೋಡುವವರು. ಟರ್ಕಿ ಅಲ್ಲಿ ಬಂದಿರುವುದು ನೋಡಿಸಿಕೊಳ್ಳಲು, ತಿನ್ನಿಸಿಕೊಳ್ಳಲು ಅಲ್ಲ.

ತೊಂದರೆ ಶುರುವಾಗುವುದು ಇಲ್ಲಿಯೇ. ಟರ್ಕಿ ಸಾಕಣೆಯ ಕೈಪಿಡಿಗಳಲ್ಲಿ ಕೊನೆಯ ಅಧ್ಯಾಯ ತೂಕ ಮತ್ತು ಮಾರಾಟದ್ದು. ಇಪ್ಪತ್ತು ಚಿಲ್ಲರೆ ವಾರಗಳಲ್ಲಿ ಕಥೆ ಮುಗಿಯುವುದರಿಂದ ಹಕ್ಕಿಯ ಸ್ವಭಾವದ ಬಗ್ಗೆ ಬರೆದವರು ತಲೆ ಕೆಡಿಸಿಕೊಂಡಿಲ್ಲ. ಕತ್ತಿ ಕಾಣದ ಟರ್ಕಿ ಹತ್ತು ವರ್ಷ ಬದುಕಬಲ್ಲದು. ಮೊದಲ ವರ್ಷದ ಹೊತ್ತಿಗೆ ಮೈ ಬಲಿತು, ಎರಡನೆಯ ವರ್ಷದಲ್ಲಿ ಅಭಿಪ್ರಾಯಗಳು ಮೂಡಿ, ಮೂರನೆಯ ವರ್ಷದಲ್ಲಿ ಅವು ಗಟ್ಟಿಯಾದ ಗಂಡು ಟರ್ಕಿಯೊಂದರ ಜೊತೆ ಬಾಳುವುದು ಹೇಗೆ ಎಂಬುದಕ್ಕೆ ಪುಸ್ತಕವಿಲ್ಲ. ಹಾಗೆ ಬಾಳುತ್ತಿರುವವರು ವಡೋದರದ ಕಲಾಲಿಯಲ್ಲಿದ್ದಾರೆ.

ನಾನು ವಡೋದರಕ್ಕೆ ಬಂದದ್ದು ಬ್ಯಾಂಕಿನ ಕೃಪೆಯಿಂದ. ಮಹಾರಾಜ ಸಯಾಜಿರಾವ್ ಗಾಯಕವಾಡರು 1908ರಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ವಿಲೀನವಾಯಿತು. ಬೋರ್ಡು ಬದಲಾಯಿತು, ಕೆಲವರ ಊರೂ ಬದಲಾಯಿತು. ನನ್ನ ಹೊಸ ಪರಿಚಿತರಲ್ಲಿ ಒಬ್ಬರು, ಎಲ್ಲರೂ ಕಾಕಾ ಎಂದೇ ಕರೆಯುವ ನಿವೃತ್ತ ಬಟ್ಟೆ ವ್ಯಾಪಾರಿ. ಮನೆ ಪೇಟೆಯ ಅಲಕಾಪುರಿಯಲ್ಲಿ. ಮನಸ್ಸು ವಿಶ್ವಾಮಿತ್ರಿ ನದಿಗೆ ಹತ್ತಿರದ ಕಲಾಲಿಯ ತೋಟದಲ್ಲಿ. ಅಲ್ಲಿ ಒಂದು ಗಂಡು, ನಾಲ್ಕು ಹೇಂಟೆ ಟರ್ಕಿಗಳು. ಗಂಡಿನ ಹೆಸರು ಸರಪಂಚ, ಅಂದರೆ ಊರ ಪಂಚಾಯತಿಯ ಮುಖ್ಯಸ್ಥ. ಹೆಸರಿಟ್ಟವನು ದಾಹೋದ್ ಕಡೆಯಿಂದ ಬಂದ ಚೌಕೀದಾರ. ಯಾರೂ ಕೇಳದಿದ್ದರೂ ಎಲ್ಲ ವಿಷಯದಲ್ಲೂ ಬಾಯಿ ಹಾಕುತ್ತದೆ ಎಂಬುದು ಅವನು ಕೊಟ್ಟ ಕಾರಣ.

ಬಾಯಿ ಹಾಕುವುದೆಂದರೆ ನಿಜವಾಗಿಯೂ ಹಾಕುವುದು. ಗಂಡು ಟರ್ಕಿಗೆ ದೊಡ್ಡ ಸದ್ದು ಕಿವಿಗೆ ಬಿದ್ದೊಡನೆ ಉತ್ತರಿಸದೆ ಇರಲಾಗದು. ಗುಡುಗು, ಲಾರಿಯ ಹಾರನ್, ಬಾಗಿಲು ಬಡಿದ ಶಬ್ದ, ಯಾವುದಾದರೂ ಸರಿ, ಕತ್ತು ಮುಂದೆ ಚಾಚಿ ಗಳಗಳನೆ ಒಂದು ಉತ್ತರ. ಕಾಡು ಟರ್ಕಿಗಳಲ್ಲೂ ಈ ಗುಣವಿದೆ. ಅಮೆರಿಕದ ಬೇಟೆಗಾರರು ಗೂಬೆಯ ಕೂಗು ಕೂಗಿ, ಉತ್ತರ ಬಂದ ಕಡೆಗೆ ಹೋಗುತ್ತಾರೆ. ಇಂಥ ಹಕ್ಕಿಯನ್ನು ಗುಜರಾತಿಗೆ ತಂದರೆ ಏನಾಗಬೇಕು? ಮದುವೆಯ ಡಿಜೆಗೆ ಉತ್ತರ, ದೀಪಾವಳಿಯ ಪಟಾಕಿಗೆ ಉತ್ತರ. ನವರಾತ್ರಿಯ ಒಂಬತ್ತು ರಾತ್ರಿಯೂ ವಡೋದರದ ಮೈದಾನಗಳಿಂದ ಗರ್ಬಾ ತೇಲಿ ಬಂದರೆ, ಸರಪಂಚ ಗೂಡಿನಿಂದಲೇ ಭಾಗವಹಿಸುತ್ತಾನೆ. ತಾಳ ತಪ್ಪುತ್ತದೆ ಎಂಬುದೊಂದೇ ನೆರೆಯವರ ದೂರು. ಇದಕ್ಕೆ ಮದ್ದಿಲ್ಲ. ಅಂಥ ರಾತ್ರಿಗಳಲ್ಲಿ ಗೂಡಿನಲ್ಲೇ ಕೂಡಿಹಾಕಿ ದಪ್ಪ ತಾಡಪಾಲು ಕಟ್ಟಿ ಕತ್ತಲು ಮಾಡಿದರೆ ಒಂದಿಷ್ಟು ಕಡಿಮೆಯಾಗುತ್ತದೆ, ಅಷ್ಟೇ.

ಟರ್ಕಿಗೆ ಈ ಸೀಮೆ ಹೊಸತೇನಲ್ಲ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಮೆಕ್ಸಿಕೋದಲ್ಲಿ ಮನುಷ್ಯರ ಜೊತೆ ಬಾಳಲು ಕಲಿತ ಈ ಹಕ್ಕಿಯನ್ನು ಸ್ಪೇನಿನವರು ಯೂರೋಪಿಗೆ ಒಯ್ದರು. ನಮ್ಮ ಗೋವೆಯಲ್ಲಿ ಪೋರ್ಚುಗೀಸರ ಬಳಿ ಇತ್ತು. ಮೊಘಲ್ ಬಾದಶಹ ಜಹಾಂಗೀರನ ಆಳ್ವಿಕೆಯಲ್ಲಿ ಸೂರತ್ ಮತ್ತು ಖಂಬಾತ್ ಬಂದರುಗಳನ್ನು ನೋಡಿಕೊಳ್ಳುತ್ತಿದ್ದವನು ಮುಕರ್ರಬ್ ಖಾನ್. 1608ರಲ್ಲಿ ಸೂರತ್ತಿನಲ್ಲಿ ಇಳಿದ ಈಸ್ಟ್ ಇಂಡಿಯಾ ಕಂಪನಿಯ ವಿಲಿಯಂ ಹಾಕಿನ್ಸ್ ತನ್ನ ಸರಕು ಕಿತ್ತುಕೊಂಡನೆಂದು ಅವನ ಮೇಲೆ ಬರಹದ ತುಂಬ ದೂರಿದ್ದಾನೆ. ಒಳ್ಳೆಯ ವಸ್ತು ಕಂಡರೆ ಬಾದಶಹನಿಗಾಗಿ ಎತ್ತಿಡುವುದು ಖಾನನ ಸ್ವಭಾವ. ಅವನನ್ನು ಗೋವೆಗೆ ಕಳಿಸಿ, ಅಪರೂಪದ್ದು ಏನು ಸಿಕ್ಕಿದರೂ ಬೆಲೆ ನೋಡದೆ ತಾ ಎಂದು ಜಹಾಂಗೀರ ಹೇಳಿದ್ದ. 1612ರಲ್ಲಿ ಖಾನ್ ತಂದೊಪ್ಪಿಸಿದ ಅಪರೂಪಗಳಲ್ಲಿ ಒಂದು ಟರ್ಕಿ.

ಆಮೇಲೆ ಅರಮನೆಯಲ್ಲಿ ನಡೆದದ್ದು ನನಗೆ ಬಲು ಮೆಚ್ಚು. ಬಾದಶಹ ಅದನ್ನು ಅಡುಗೆಮನೆಗೆ ಕಳಿಸಲಿಲ್ಲ. ಎದುರಿಗೆ ಕೂತು ನೋಡಿದ. ನವಿಲಿಗಿಂತ ಚಿಕ್ಕದು, ಹೆಣ್ಣು ನವಿಲಿಗಿಂತ ದೊಡ್ಡದು ಎಂದು ಅಳೆದ. ಮದವೇರಿದಾಗ ತಲೆ ಕತ್ತುಗಳ ಬಣ್ಣ ಕೆಂಪಿನಿಂದ ಬಿಳಿಗೆ, ಬಿಳಿಯಿಂದ ನೀಲಿಗೆ ತಿರುಗುವುದನ್ನು ತನ್ನ ಆತ್ಮಕಥೆಯಲ್ಲಿ ಬರೆದ. ತಲೆಯ ಮೇಲಿನ ಮಾಂಸದ ತುಣುಕು ಒಮ್ಮೆ ಗೇಣುದ್ದ ಇಳಿಬಿದ್ದು ಆನೆಯ ಸೊಂಡಿಲೆನಿಸುವುದನ್ನೂ, ಮತ್ತೊಮ್ಮೆ ಎರಡು ಬೆರಳಿನಷ್ಟು ಕುಗ್ಗಿ ಘೇಂಡಾಮೃಗದ ಕೊಂಬೆನಿಸುವುದನ್ನೂ ಬಿಡಲಿಲ್ಲ. ಕೇಳಿದವರ ಬೆರಗು ಹೆಚ್ಚಲೆಂದು ಚಿತ್ರಕಾರರಿಗೂ ಅಪ್ಪಣೆಯಾಯಿತು. ಉಸ್ತಾದ್ ಮನ್ಸೂರನ ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬಣ್ಣ ಬದಲಾಗುವುದು ಚರ್ಮದಡಿಯ ರಕ್ತನಾಳಗಳು ಹಿಗ್ಗಿ ಕುಗ್ಗುವುದರಿಂದ ಎಂದು ಇವತ್ತು ನಮಗೆ ಗೊತ್ತು. ಅಷ್ಟು ಗೊತ್ತಿದ್ದೂ ನಾವು ಅವನಷ್ಟು ಹೊತ್ತು ಕೂತು ನೋಡುವುದಿಲ್ಲ.

1618ರಲ್ಲಿ ಜಹಾಂಗೀರ ಅಹಮದಾಬಾದಿನಲ್ಲಿ ಬಿಡಾರ ಹೂಡಿದಾಗ ಊರಿನ ಧೂಳಿಗೆ, ಬಿಸಿಗಾಳಿಗೆ ರೋಸಿಹೋಗಿ ಅದನ್ನು ಧೂಳಿನ ಊರೆಂದು, ಕಾಯಿಲೆಯ ಊರೆಂದು, ಕೊನೆಗೆ ನರಕವೆಂದೇ ಕರೆದ. ಅಹಮದಾಬಾದಿನವರು ಇದನ್ನು ನಗುತ್ತಲೇ ಹೇಳಿಕೊಳ್ಳುತ್ತಾರೆ; ಮೇ ತಿಂಗಳಲ್ಲಂತೂ ಒಪ್ಪಿಕೊಂಡೂ ಬಿಡುತ್ತಾರೆ. ಅದೇ ಧೂಳಿನಲ್ಲಿ ಕೂತು ಅವನು ಲೈಲಾ ಮಜ್ನೂ ಎಂಬ ಸಾಕಿದ ಸಾರಸ ಜೋಡಿ ಮೊಟ್ಟೆಯಿಟ್ಟದ್ದು, ಗಂಡು ಹೆಣ್ಣು ಸರದಿಯಂತೆ ಕಾವು ಕೊಟ್ಟದ್ದು ಎಲ್ಲವನ್ನೂ ಟಿಪ್ಪಣಿ ಮಾಡಿದ. ಹಕ್ಕಿ ಏನು ಮಾಡಬೇಕೆಂದು ಹೇಳುವ ಅಧಿಕಾರವಿದ್ದವನು ಅದು ಏನು ಮಾಡುತ್ತದೆಂದು ನೋಡಿದ. ಕಾಕಾರ ತೋಟಕ್ಕೂ ಕೊನೆಗೆ ಇದೇ ದಾರಿ ಹಿಡಿಯಬೇಕಾಯಿತು. ಆದರೆ ಅದಕ್ಕೆ ಮೊದಲು ಹಕ್ಕಿಯನ್ನು ತಿದ್ದುವ ಪ್ರಯತ್ನಗಳೆಲ್ಲ ಆಗಿಹೋದವು.

ಮೊದಲನೆಯದು ಕಾರಿನ ಪ್ರಕರಣ. ಸರಪಂಚ ಬಿಳಿ ಇನ್ನೋವಾದ ಬಾಗಿಲಿಗೆ ಕುಕ್ಕುತ್ತಿದ್ದ. ಕಾರಿನ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಬಾಗಿಲಿನ ಹೊಳಪಿನಲ್ಲಿ ಒಬ್ಬ ಗಂಡು ಟರ್ಕಿ ಕಾಣುತ್ತಿದ್ದ. ಇವನು ಎದೆಯುಬ್ಬಿಸಿದರೆ ಅವನೂ ಉಬ್ಬಿಸುತ್ತಿದ್ದ. ಇವನು ಹಿಂಜರಿಯದಿದ್ದರೆ ಅವನೂ ಇಲ್ಲ. ಇಂಥ ಎದುರಾಳಿಯನ್ನು ಯಾರು ತಾನೆ ಸಹಿಸಿಯಾರು? ಚೌಕೀದಾರ ಗದರಿಸಿದ, ಅಟ್ಟಿದ, ಕೋಲು ತೋರಿಸಿದ. ಹಕ್ಕಿ ಒಂದು ಸುತ್ತು ಹೋಗಿ ಇನ್ನೊಂದು ಬಾಗಿಲಿಗೆ ಬಂತು. ಪರಿಹಾರ ಸಿಕ್ಕಿದ್ದು ಕಾರಿಗೆ ಹಳೆಯ ಬೆಡ್‌ಶೀಟ್ ಹೊದಿಸಿದಾಗ. ಎದುರಾಳಿ ಊರು ಬಿಟ್ಟ. ಸರಪಂಚ ಗೆದ್ದ ಗತ್ತಿನಲ್ಲಿ ಅಂಗಳ ಸುತ್ತಿದ.

ಟರ್ಕಿಯ ಲೋಕದಲ್ಲಿ ಎಲ್ಲರಿಗೂ ಒಂದೊಂದು ಮೆಟ್ಟಿಲಿದೆ. ಕೋಳಿಗಳಲ್ಲಿ ಈ ಕುಕ್ಕುವ ಕ್ರಮವನ್ನು ಮೊದಲು ವಿವರಿಸಿದವನು ನಾರ್ವೆಯ ಷೆಲ್ಡೆರುಪ್-ಎಬ್ಬೆ. ಸಣ್ಣ ಹುಡುಗನಾಗಿದ್ದಾಗಲೇ ಕೋಳಿಗಳ ಹಿಂದೆ ಬಿದ್ದು, 1920ರ ದಶಕದ ಆರಂಭದಲ್ಲಿ ಅದನ್ನೇ ಪ್ರಬಂಧವಾಗಿ ಬರೆದ. ಎರಡು ಹಿಂಡು ಸೇರಿಸಿದರೆ ಯಾರು ಮೇಲೆ, ಯಾರು ಕೆಳಗೆ ಎಂದು ತೀರ್ಮಾನವಾಗುವವರೆಗೆ ಗದ್ದಲ. ತೀರ್ಮಾನವಾದ ಮೇಲೆ ಶಾಂತಿ. ಎರಡು ಬ್ಯಾಂಕು ಸೇರಿದಾಗ ನಾವೂ ಕೆಲವು ವಾರ ಕತ್ತು ನೀಡಿ ನೀಡಿ ಒಬ್ಬರನ್ನೊಬ್ಬರು ನೋಡಿದ್ದುಂಟು. ಇಡ್ಲಿ ಢೋಕ್ಲಾಗಳ ವಿನಿಮಯದಿಂದ ಕುಕ್ಕುವ ಹಂತ ಬರಲಿಲ್ಲ. ಮನುಷ್ಯರ ನಡುವೆ ಬೆಳೆದ ಟರ್ಕಿ ಮನುಷ್ಯರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಸರಪಂಚನ ಪಟ್ಟಿಯಲ್ಲಿ ಚೌಕೀದಾರನ ಹೆಂಡತಿ ಎಲ್ಲರಿಗಿಂತ ಮೇಲೆ. ಅವಳು ಪೊರಕೆ ಹಿಡಿದು ನೇರ ನಡೆಯುತ್ತಾಳೆ, ಹಕ್ಕಿ ದಾರಿ ಬಿಡುತ್ತದೆ. ಅವಳ ಕೆಳಗೆ ಸರಪಂಚ. ಅವನ ಕೆಳಗೆ ತೋಟದ ಮಾಲೀಕರಾದ ಕಾಕಾ. ಕೊನೆಯಲ್ಲಿ, ಭಾನುವಾರ ಬರುವ ನಾನು.

ಪೊರಕೆಯಿಂದ ಅವಳು ಒಂದು ದಿನವೂ ಹೊಡೆದಿಲ್ಲ. ಗುಟ್ಟೆಂದರೆ ಹಿಂದೆ ಸರಿಯದಿರುವುದು. ಟರ್ಕಿ ಎದುರಾದಾಗ ಒಂದು ಹೆಜ್ಜೆ ಹಿಂದಿಟ್ಟರೆ ಅದು ಸಹಿ ಹಾಕಿದ ಶರಣಾಗತಿ. ಮುಂದಿನ ವಾರ ಅದು ಗೇಟಿನಲ್ಲೇ ಕಾಯುತ್ತದೆ. ಓಡಿದಿರೋ, ಜೀವನಪೂರ್ತಿ ಓಡಬೇಕು. ಎದೆ ಸೆಟೆಸಿ ನಿಲ್ಲಬೇಕು, ಕೈಯಲ್ಲಿರುವುದನ್ನು ಅಗಲಕ್ಕೆ ಹಿಡಿಯಬೇಕು, ಅದರತ್ತಲೇ ನಡೆಯಬೇಕು. ಫಟ್ಟನೆ ಕೊಡೆ ಬಿಚ್ಚುವುದೂ ಒಳ್ಳೆಯ ಉಪಾಯ. ತನಗಿಂತ ಅಗಲವಾಗಿ ಗರಿ ಬಿಚ್ಚಿದವನು ದೊಡ್ಡವನೆಂದು ಟರ್ಕಿ ಒಪ್ಪುತ್ತದೆ. ಹತ್ತು ಕಿಲೋ ಮೀರಿದ ಗಂಡು ಕಾಲು ಮುಂದಿಟ್ಟು ಹಾರಿದರೆ ಮಕ್ಕಳಿಗೆ ಗಾಯವಾದೀತು. ಆದ್ದರಿಂದ ಸಣ್ಣ ಮಕ್ಕಳನ್ನು ಅದರ ಜೊತೆ ಒಂಟಿಯಾಗಿ ಬಿಡುವಂತಿಲ್ಲ. ಮಳೆ ಇರಲಿ ಬಿಡಲಿ, ಕಲಾಲಿಗೆ ಹೋಗುವಾಗ ನಾನು ಕೊಡೆ ಮರೆಯುವುದಿಲ್ಲ. ವಡೋದರದ ಬೇಸಿಗೆಗೆ ಅದು ಬೇಕೇ ಬೇಕೆಂದು ಪೇಟೆಯವರು ತಿಳಿದಿದ್ದಾರೆ.

ಎರಡನೆಯದು ತಿಂಡಿಯ ಪ್ರಕರಣ. ಕೈಯಾರೆ ತಿನ್ನಿಸಿದ ಟರ್ಕಿ ಸಲಿಗೆ ಬೆಳೆಸಿ, ಕೊಡದಿದ್ದಾಗ ವಸೂಲಿಗೆ ಇಳಿಯುತ್ತದೆ. ಕಾಳನ್ನು ನಿಗದಿಯಾದ ಹೊತ್ತಿಗೆ, ನಿಗದಿಯಾದ ಜಾಗದಲ್ಲಿ, ತೊಟ್ಟಿಯಲ್ಲಿಯೇ ಹಾಕಬೇಕು. ಇದನ್ನು ಗುಜರಾತಿನಲ್ಲಿ ಹೇಳುವುದು ಹೇಗೆ? ಅಹಮದಾಬಾದಿನ ಹಳೆಯ ಪೋಳ್ ಎಂಬ ಕೇರಿಗಳಲ್ಲಿ ಹಕ್ಕಿಗಳಿಗೆ ಕಾಳು ಹಾಕಲೆಂದೇ ಕಂಬದ ಮೇಲೆ ಕೆತ್ತನೆಯ ಚಬೂತರೋ ಕಟ್ಟಿಸಿದ ಜನ. ಮುದಿಯಾದ ದನ, ಗಾಯಗೊಂಡ ಪಾರಿವಾಳಗಳಿಗೆ ಪಾಂಜರಾಪೋಳ್ ನಡೆಸುವ ಜನ. ಕಾಕಾ ಭಾನುವಾರ ಬೆಳಿಗ್ಗೆ ಫಾಫ್ಡಾ ಜಿಲೇಬಿಯ ಪೊಟ್ಟಣ ಬಿಚ್ಚುತ್ತಲೇ ಸರಪಂಚ ಜೋಕಾಲಿಯ ಬಳಿ ಹಾಜರ್. ‘ಕಾಕಾ, ಕೈಯಿಂದ ಕೊಡಬೇಡಿ’ ಎಂದೆ. ‘ಭಾಯ್, ಎದುರಿಗೆ ಬಂದು ನಿಂತವನಿಗೆ ಕೊಡದೆ ತಿನ್ನುವುದು ಹೇಗೆ?’ ಎಂದರು. ಇದಕ್ಕೆ ಪಶುವೈದ್ಯ ಶಾಸ್ತ್ರದಲ್ಲಿ ಉತ್ತರವಿಲ್ಲ. ಕೊನೆಗೆ ಜೋಕಾಲಿಯನ್ನೇ ಬೇಲಿಯೊಳಗೆ ಹಾಕಿದರು. ಅಂದಿನಿಂದ ಕಾಕಾ ಬಲೆಯೊಳಗೆ ಕೂತು ತಿನ್ನುತ್ತಾರೆ, ಟರ್ಕಿಗಳು ಹೊರಗೆ ನಿಂತು ನೋಡುತ್ತವೆ.

ಹೇಂಟೆಗಳ ತಂಟೆ ಬೇರೆ ಬಗೆಯದು. ಮಾಡಿಟ್ಟ ಗೂಡಿನಲ್ಲಿ ಮೊಟ್ಟೆಯಿಡುವುದು ಅವಕ್ಕೆ ಮರ್ಯಾದೆಯಲ್ಲ. ಬೇಲಿಯ ಬುಡ, ದಾಸವಾಳದ ಮರೆಯೇ ಆಗಬೇಕು. ಹುಡುಕಿ ತಂದರೆ ಮರುದಿನ ಜಾಗ ಬದಲು. ಎಲ್ಲ ಮೊಟ್ಟೆ ತೆಗೆಯದೆ ಒಂದೆರಡನ್ನು, ಇಲ್ಲವೆ ಹುಸಿ ಮೊಟ್ಟೆಯನ್ನು ಬಿಟ್ಟರೆ ಅಲ್ಲಿಗೇ ಬರುತ್ತವೆ. ಕಾವಿಗೆ 28 ದಿನ. ಹುಟ್ಟಿದ ಮರಿಗಳಿಗೋ ಕಣ್ಣು ಮಂದ, ಪುಕ್ಕಲು ಬೇರೆ. ಕಾಳಿನ ರಾಶಿಯ ಮೇಲೆ ನಿಂತೂ ಹಸಿದಿರಬಲ್ಲವು. ತಟ್ಟೆಯನ್ನು ಬೆರಳಿನಿಂದ ತಟ್ಟಬೇಕು, ಸೊಪ್ಪು ಹೆಚ್ಚಿ ಹಾಕಬೇಕು, ನೀರಿನಲ್ಲಿ ಬಣ್ಣದ ಗೋಲಿಗಳನ್ನಿಟ್ಟರೆ ಹೊಳಪಿಗೆ ಕುಕ್ಕಲು ಹೋಗಿ ಕುಡಿಯುವುದನ್ನು ಕಲಿಯುತ್ತವೆ. ಇದನ್ನು ಕೇಳಿದ ಕಾಕಾರ ಸೂರತ್ತಿನ ನೆಂಟರು, ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಸುವ ವ್ಯಾಪಾರದವರು, ಗಂಭೀರವಾಗಿ ತಲೆದೂಗಿದರು. ‘ಹೊಳೆಯುವುದನ್ನು ಮುಂದಿಟ್ಟರೆ ನಮ್ಮ ಮಕ್ಕಳೂ ಕಲಿತದ್ದು ಹಾಗೆಯೇ’ ಎಂದರು. ಕೋಳಿಗಳನ್ನೂ ಇದೇ ಅಂಗಳಕ್ಕೆ ಬಿಟ್ಟರೆ ಚೆನ್ನ ಎಂಬ ಅವರ ಸಲಹೆಯನ್ನು ಮಾತ್ರ ಕಾಕಾ ಒಪ್ಪಲಿಲ್ಲ. ಕೋಳಿಯ ಹೊಟ್ಟೆಯ ಹುಳುವಿನ ಮೂಲಕ ಬರುವ ಬ್ಲ್ಯಾಕ್‌ಹೆಡ್ ರೋಗ ಕೋಳಿಗೆ ಹೆಚ್ಚೇನೂ ಮಾಡದಿದ್ದರೂ ಟರ್ಕಿಯನ್ನು ಕೊಲ್ಲುತ್ತದೆ.

ಪಕ್ಕದ ಹೊಲದಿಂದ ಬರುವ ನವಿಲುಗಳದ್ದು ಇನ್ನೊಂದು ಕಥೆ. ನವಿಲು, ಟರ್ಕಿ ಒಂದೇ ಕುಟುಂಬದ ಹಕ್ಕಿಗಳು. ದಾಯಾದಿಗಳೆಂದ ಮೇಲೆ ಪೈಪೋಟಿ ಇದ್ದದ್ದೇ. ನವಿಲು ಗರಿ ಬಿಚ್ಚಿದರೆ ಸರಪಂಚನೂ ಬಾಲ ಬಿಚ್ಚಿ ರೆಕ್ಕೆಯ ತುದಿಯನ್ನು ನೆಲಕ್ಕೆ ತಾಗಿಸಿ ಗರಗರ ಎಳೆಯುತ್ತಾನೆ. ಹೆಣ್ಣು ನವಿಲುಗಳು ಇಬ್ಬರನ್ನೂ ನೋಡದೆ ಕಾಳು ತಿನ್ನುತ್ತವೆ. ಗಂಡು ಟರ್ಕಿಯನ್ನು ಮರುಳು ಮಾಡಲು ಎಷ್ಟು ಬೇಕೆಂದು ಕಳೆದ ಶತಮಾನದ ನಡುವೆ ಪೆನ್ಸಿಲ್ವೇನಿಯಾದಲ್ಲಿ ಶೈನ್ ಮತ್ತು ಹೇಲ್ ಎಂಬ ಇಬ್ಬರು ಪರೀಕ್ಷಿಸಿದರು. ಹೇಂಟೆಯ ಗೊಂಬೆ ಮಾಡಿ, ಬಾಲ ತೆಗೆದರು, ರೆಕ್ಕೆ ತೆಗೆದರು, ಕಾಲು ತೆಗೆದರು. ಕಡೆಗೆ ಕೋಲಿನ ಮೇಲೆ ತಲೆಯೊಂದೇ ಉಳಿಯಿತು. ಗಂಡಿನ ಅನುರಾಗ ಕುಂದಲಿಲ್ಲ. ಇದನ್ನು ತಿಳಿದ ಮೇಲೆ, ಸರಪಂಚ ನೀರಿನ ಪಂಪಿನ ಹಿಡಿಗೆ ಕಟ್ಟಿದ ಕೆಂಪು ಚಿಂದಿಯ ಮುಂದೆ ಗಂಟೆಗಟ್ಟಲೆ ಕುಣಿದುದರಲ್ಲಿ ವಿಶೇಷವೇನೂ ಕಾಣಲಿಲ್ಲ. ಚಿಂದಿ ಬಿಚ್ಚಿದರು, ಪ್ರಣಯ ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ವ್ಯಾಜ್ಯ ಮಾಡಿನದು. ಕತ್ತಲಾಗುತ್ತಿದ್ದಂತೆ ಟರ್ಕಿಗೆ ಎತ್ತರ ಬೇಕು; ಅದು ಅದರ ಅಜ್ಜನ ಅಜ್ಜ ಕಾಡುಮರದ ಮೇಲೆ ಮಲಗುತ್ತಿದ್ದ ಕಾಲದ ಬುದ್ಧಿ. ಕಲಾಲಿಯಲ್ಲಿ ಎತ್ತರವೆಂದರೆ ತೋಟದ ಮನೆಯ ಟೆರೇಸು, ಅದರ ಮೇಲಿನ ಸೋಲಾರ್ ಫಲಕಗಳು. ಫಲಕಗಳ ಗತಿ ಹೇಳಬೇಕಾಗಿಲ್ಲ. ಜನವರಿ 14ರ ಉತ್ತರಾಯಣದಂದಂತೂ ಗಾಳಿಪಟ ಹಾರಿಸಲು ಇಡೀ ಗುಜರಾತ್ ಮಾಡು ಹತ್ತುತ್ತದೆ. ಕಾಕಾರ ಮೊಮ್ಮಕ್ಕಳು ಒಂದು ಮೂಲೆಯಲ್ಲಿ, ಟರ್ಕಿಗಳು ಇನ್ನೊಂದು ಮೂಲೆಯಲ್ಲಿ. ಯಾರದೋ ಗಾಳಿಪಟ ಕಡಿದು ‘ಕಾಯ್‌ಪೋ ಛೇ’ ಎಂಬ ಕೂಗೆದ್ದರೆ ಸರಪಂಚನದೂ ಒಂದು ಜಯಕಾರ. ಹಬ್ಬದ ಮರುದಿನದ ಕೆಲಸ ತಮಾಷೆಯದಲ್ಲ. ಅಂಗಳದಲ್ಲಿ ಬಿದ್ದ ಮಾಂಜಾ ದಾರ ಹಕ್ಕಿಯ ಕಾಲಿಗೆ ಸುತ್ತಿದರೆ ಚರ್ಮ ಕುಯ್ದು ಮೂಳೆ ಮುಟ್ಟುತ್ತದೆ. ಪ್ರತಿ ವರ್ಷ ಗಾಯಗೊಳ್ಳುವ ಹಕ್ಕಿಗಳಿಗಾಗಿ ಗುಜರಾತ್ ಸರಕಾರ 2017ರಿಂದ ‘ಕರುಣಾ ಅಭಿಯಾನ’ ನಡೆಸುತ್ತಿದೆ. ದಾರವೆಲ್ಲ ಆರಿಸಿ ಮುಗಿಯುವವರೆಗೆ ಕಲಾಲಿಯ ಟರ್ಕಿಗಳಿಗೆ ಗೂಡೇ ಗತಿ.

ಮಾಡು ಹತ್ತದಂತೆ ಮಾಡಲು ಸುಲಭದ ದಾರಿಯಿದೆ. ಒಂದು ಕಡೆಯ ರೆಕ್ಕೆಯ ಉದ್ದ ಗರಿಗಳನ್ನಷ್ಟೇ ಕತ್ತರಿಸಿದರೆ ಹಾರುವಾಗ ತೂಕ ತಪ್ಪಿ ಹಕ್ಕಿ ಬೇಲಿಯನ್ನೂ ದಾಟದು. ಉಗುರು ಕತ್ತರಿಸಿದಷ್ಟೇ ನೋವು, ಅಂದರೆ ನೋವೇ ಇಲ್ಲ. ಚೌಕೀದಾರ ಕತ್ತರಿ ತಂದಿದ್ದ. ಕಾಕಾ ಬಿಡಲಿಲ್ಲ. ‘ಹಾರುವವನ ಗರಿ ಕತ್ತರಿಸಿ ನನಗೆ ಯಾವ ಲೆಕ್ಕಕ್ಕೆ ಪುಣ್ಯ?’ ಎಂದರು. ಫಲಕ ತೊಳೆಯುವ ಚೌಕೀದಾರನ ಮುಖದಲ್ಲಿ ಪುಣ್ಯದ ಬಗ್ಗೆ ಬೇರೆಯೇ ಅಭಿಪ್ರಾಯ ಕಾಣಿಸಿತು.

2024ರ ಆಗಸ್ಟ್ ಕೊನೆಯಲ್ಲಿ ಮಳೆ ಬಿಡದೆ ಹೊಯ್ದು, ಆಜವಾ ಜಲಾಶಯ ತುಂಬಿ, ವಿಶ್ವಾಮಿತ್ರಿ ವಡೋದರದೊಳಕ್ಕೆ ನುಗ್ಗಿತು. ಆ ನದಿಯಲ್ಲಿ ಮೊದಲಿನಿಂದಲೂ ಮೊಸಳೆಗಳ ಸಂಸಾರ. ನೀರಿನೊಂದಿಗೆ ಅವೂ ಬೀದಿಗೆ ಬಂದವು. ಒಂದು ಮೊಸಳೆ ಮನೆಯ ಮಾಡಿನ ಮೇಲೆ ಕೂತ ಚಿತ್ರವನ್ನು ದೇಶವೆಲ್ಲ ನೋಡಿತು. ಚೌಕೀದಾರ ಹೆಂಡತಿ ಮಕ್ಕಳೊಡನೆ ಎತ್ತರದ ಜಾಗಕ್ಕೆ ಹೋಗಿದ್ದ. ಅಂಗಳ ಮುಳುಗಿತ್ತು, ಗೂಡು ಮುಳುಗಿತ್ತು. ನೀರಿಳಿದ ಮೇಲೆ ಹೋಗಿ ನೋಡಿದರೆ ಐದೂ ಟರ್ಕಿಗಳು ಟೆರೇಸಿನ ಫಲಕಗಳ ಮೇಲೆ ಬಡಕಲಾಗಿ, ಹೊಲಸಾಗಿ, ಜೀವಂತವಾಗಿ ಕೂತಿದ್ದವು. ಟರ್ಕಿ ಎಷ್ಟು ದಡ್ಡ ಹಕ್ಕಿಯೆಂದರೆ ಮಳೆ ಬಂದಾಗ ಬಾಯಿ ತೆರೆದು ಮೇಲೆ ನೋಡಿ ಮುಳುಗಿ ಸಾಯುತ್ತದೆ ಎಂಬ ಕಟ್ಟುಕತೆ ಜಗತ್ತಿನ ತುಂಬ ಓಡಾಡುತ್ತಿದೆ. ಕಲಾಲಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಅಲ್ಲಿಗೆ ಮಾಡಿನ ವ್ಯಾಜ್ಯ ಇತ್ಯರ್ಥವಾಯಿತು. ಫಲಕಗಳ ಪಕ್ಕದಲ್ಲೇ ಎರಡು ಅಡ್ಡಮರ ಹಾಕಿ, ಅವಕ್ಕಿಂತ ಒಂದು ಮೊಳ ಎತ್ತರವಿರುವಂತೆ ನೋಡಿಕೊಂಡರು. ಹಕ್ಕಿ ಅತ್ಯಂತ ಎತ್ತರದ್ದನ್ನೇ ಆರಿಸುವುದರಿಂದ ಫಲಕಗಳು ಈಗ ಸ್ವಚ್ಛ. ಲೆಕ್ಕ ಹಾಕಿ ನೋಡಿದರೆ ಸರಪಂಚನ ಯಾವ ಸ್ವಭಾವವೂ ಬದಲಾಗಿಲ್ಲ. ಕೂಗುತ್ತಾನೆ, ಹತ್ತುತ್ತಾನೆ, ಹೊಳೆಯುವುದನ್ನು ಕುಕ್ಕುತ್ತಾನೆ, ಹಿಂದೆ ಸರಿದವರನ್ನು ಬೆನ್ನಟ್ಟುತ್ತಾನೆ. ಬದಲಾದದ್ದು ಕಾರು ನಿಲ್ಲಿಸುವ ರೀತಿ, ಜೋಕಾಲಿಯ ಜಾಗ, ಪಂಪಿನ ಚಿಂದಿ, ಅಡ್ಡಮರ, ನನ್ನ ಕೊಡೆ. ಕತ್ತಿಯ ಉಪಾಯವನ್ನು ಬದಿಗಿಟ್ಟ ಮನೆಯಲ್ಲಿ ಜೊತೆಗೆ ಬಾಳುವುದೆಂದರೆ ಬಹುಶಃ ಇಷ್ಟೇ: ಹಕ್ಕಿಯ ಬಗ್ಗೆ ಒಂದಷ್ಟು ತಿಳಿದುಕೊಂಡು, ಅಂಗಳವನ್ನು ಅದಕ್ಕೆ ತಕ್ಕಂತೆ ತಿದ್ದುವುದು.

ಈಚೆಗೆ ಕಾಕಾ ಎಮು ಹಕ್ಕಿಯ ಬೆಲೆ ವಿಚಾರಿಸುತ್ತಿದ್ದಾರೆಂದು ಸುದ್ದಿ ಬಂತು. ಚೌಕೀದಾರ ನನ್ನನ್ನು ಗೇಟಿನಲ್ಲೇ ಹಿಡಿದ.

‘ಸಾಹೇಬ್, ನೀವೇ ಕಾಕಾಗೆ ಹೇಳಿ. ಇನ್ನೇನಾದರೂ ಸಾಕಲೇಬೇಕೆಂದರೆ ಮೀನು ಸಾಕಲಿ. ಕೂಗಲ್ಲ, ಹಾರಲ್ಲ, ಕಾರು ಮುಟ್ಟಲ್ಲ.’

‘ಹಾಗಾದರೆ ಟರ್ಕಿಗಳನ್ನು ಪಾಂಜರಾಪೋಳ್‌ಗೆ ಕೊಟ್ಟುಬಿಡೋಣವೇನಪ್ಪ?’ ಎಂದೆ.

ಅವನು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದ.

‘ಕೊಟ್ಟರೆ, ಸಾಹೇಬ್, ರಾತ್ರಿ ಗೇಟು ಕಾಯುವವರು ಯಾರು?’